ಮಂಚದ ಕಾಲ್ದೆಸೆಯಲ್ಲಿ ಕುಳಿತವನು

ನಿಮ್ಮ ಮನೆಯಾಕೆ ನಿದ್ದೆಯಿಂದ ಎಚ್ಚರಕ್ಕೆ ಬರುವ ದಾರಿಯಲ್ಲಿ ಯಾರನ್ನು ಕಂಡು ಬರುತ್ತಾಳೆಂದು ನೀವು ಎಂದಾದರೂ ಕೇಳಿದ್ದೀರಾ?

ನಾನು ಕೇಳಿದೆ. ಉತ್ತರವೂ ದೊರೆಯಿತು. ಆ ಉತ್ತರ ಹೊತ್ತಿಸಿದ ಹೊಟ್ಟೆಕಿಚ್ಚು ಇಷ್ಟು ವರ್ಷಗಳಾದರೂ ಪೂರ್ತಿ ಆರಿಲ್ಲವಾದ್ದರಿಂದ ಈ ಬರಹ. ಬದುಕಿರುವವನ ಮೇಲೆ ಮತ್ಸರಪಡುವವನಿಗೆ ಲೋಕದಲ್ಲಿ ಒಂದಿಷ್ಟು ಸಹಾನುಭೂತಿಯಿದೆ. ಸತ್ತವನ ಮೇಲೆ ಮತ್ಸರಪಡುವವನನ್ನು ಕಂಡರೆ ಜನ ನಕ್ಕು ಸುಮ್ಮನಾಗುತ್ತಾರೆ. ನನ್ನ ಸ್ಥಿತಿ ಅದಕ್ಕಿಂತಲೂ ಇಕ್ಕಟ್ಟಿನದು. ನನ್ನ ಎದುರಾಳಿ ಸತ್ತಿದ್ದ. ಮೇಲಾಗಿ, ಸತ್ತವರು ಬರುತ್ತಾರೆಂಬುದನ್ನು ನಾನು ನಂಬುತ್ತಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಬ್ಲಾಕ್ ಆಫೀಸಿನ ಮೊಹರುಗಳಲ್ಲಿ ಇನ್ನೂ ಹಿಂದಿನ ಕೊಡಗು ರಾಜ್ಯದ ಹೆಸರೇ ಇತ್ತು. ಹೊಸ ಮೊಹರು ಬರುವವರೆಗೆ ಆ ಹೆಸರಿನ ಮೇಲೆ ಶಾಯಿಯಲ್ಲಿ ಗೆರೆ ಎಳೆದು ಕೆಲಸ ಸಾಗಿಸುತ್ತಿದ್ದೆವು. ಗೆರೆಯ ಕೆಳಗೆ ಹಳೆಯ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ನನ್ನದು ಸಮಾಜ ಶಿಕ್ಷಣದ ಕೆಲಸ: ಊರೂರಿಗೆ ಹೋಗಿ ಸಭೆ ಸೇರಿಸುವುದು, ವಯಸ್ಕರ ಶಾಲೆ ತೆರೆಸುವುದು, ಮೂಢನಂಬಿಕೆಗಳ ವಿರುದ್ಧ ಮಾತನಾಡುವುದು. ಮೈಸೂರಿನ ಕಾಲೇಜಿನಲ್ಲಿ ಓದುವಾಗ ಚರ್ಚಾಕೂಟದಲ್ಲಿ ನನಗೆ ಒಳ್ಳೆಯ ತರಬೇತಿ ಸಿಕ್ಕಿತ್ತು. ನಮ್ಮ ಗುರುಗಳು ವಿಷಯವನ್ನು ಮೊದಲು ಕೊಟ್ಟು, ಯಾವ ಪಕ್ಷದಲ್ಲಿ ಮಾತನಾಡಬೇಕೆಂಬುದನ್ನು ವೇದಿಕೆ ಹತ್ತುವ ಮುನ್ನವಷ್ಟೇ ಹೇಳುತ್ತಿದ್ದರು. ಯಾವ ಪಕ್ಷ ಬಂದರೂ ಮನಃಪೂರ್ವಕವಾಗಿ ವಾದಿಸಬೇಕು. ಈ ಅಭ್ಯಾಸ ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಹೇಳುತ್ತೇನೆ.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ಹೊಲ ಮಾಡಿಕೊಂಡವರು. ಗಂಡ ಸತ್ತ ಹೆಣ್ಣು ಇನ್ನೊಬ್ಬನ ಕೈ ಹಿಡಿಯುವುದಾದರೆ ನಮ್ಮವರಲ್ಲಿ ಅದಕ್ಕೆ ಮದುವೆಯೆನ್ನುವುದಿಲ್ಲ, ಉಡಿಕೆ ಎನ್ನುತ್ತಾರೆ. ಚಪ್ಪರವಿಲ್ಲ, ವಾಲಗವಿಲ್ಲ, ಮುತ್ತೈದೆಯರು ಮುಖ ತೋರಿಸುವುದಿಲ್ಲ, ಕತ್ತಲಾದ ಮೇಲೆ ಹಿತ್ತಲ ಕಡೆ ಒಂದು ಸೀರೆ ಕೊಟ್ಟು ಮುಗಿಸುತ್ತಾರೆ. ನಾನು ಇದನ್ನು ಒಪ್ಪಲಿಲ್ಲ. ಹಗಲು ಹೊತ್ತಿನಲ್ಲಿ, ಚಪ್ಪರ ಹಾಕಿಸಿ, ಊರಿಗೆಲ್ಲ ಹೇಳಿ, ನನ್ನ ಹೆಂಡತಿಯನ್ನು ಮದುವೆಯಾದೆ. ಅವಳು ಗಾಳಿಬೀಡಿನ ಕಡೆಯವಳು, ಕನ್ನಡದ ಒಂದು ಒಳನುಡಿಯಾದ ಅರೆಭಾಷೆ ಆಡುವ ಮನೆಯವಳು. ಮೊದಲನೆಯ ಗಂಡ ಕುಟ್ಟದ ಬಳಿಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಜ್ವರ ಬಂದು ಸತ್ತ. ಆಮೇಲೆ ಅವಳು ಹೆರಿಗೆಯ ಕೆಲಸ ಕಲಿತು ನಮ್ಮ ಬ್ಲಾಕಿನ ಆಸ್ಪತ್ರೆಗೆ ಬಂದಳು. ಜನ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು.

ಅವಳ ಮೊದಲನೆಯ ಗಂಡನನ್ನು ನಾನು ಇಲ್ಲಿ ಏಕವಚನದಲ್ಲಿ ಬರೆಯುತ್ತಿರುವುದನ್ನು ಓದುಗರು ಗಮನಿಸಿರಬಹುದು. ಅವಳು ಅವನನ್ನು ‘ಅವರು’ ಎನ್ನುತ್ತಿದ್ದಳು. ನನ್ನನ್ನೂ ಬೇರೆಯವರೆದುರು ‘ಅವರು’ ಎಂದೇ ಕರೆಯುತ್ತಿದ್ದಳು. ಮನೆಯಲ್ಲಿ ಎರಡು ‘ಅವರು’ ಇರಬಾರದೆಂಬುದು ನನ್ನ ಆಗಿನ ಅಭಿಪ್ರಾಯ, ಈಗಿನದೂ ಹೌದು.

ವಿಷಯ ನನಗೆ ತಿಳಿದದ್ದು ಅವಳಿಂದಲ್ಲ, ನನ್ನ ತಾಯಿಯಿಂದ. ಮಳೆಗಾಲ. ಹೆರಿಗೆಗಳು ಹಗಲು ನೋಡಿಕೊಂಡು ಬರುವುದಿಲ್ಲವಾದ್ದರಿಂದ ಅವಳು ಎಷ್ಟೋ ಸಲ ರಾತ್ರಿಯಿಡೀ ಎಲ್ಲೋ ಒಂದು ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದು, ಬೆಳಗ್ಗೆ ನೆನೆದುಕೊಂಡು ನಡೆದು ಬಂದು, ಮಧ್ಯಾಹ್ನ ಊಟವಾದ ಮೇಲೆ ಮಲಗುತ್ತಿದ್ದಳು. ಒಂದು ದಿನ ನಾನು ಆಫೀಸಿನಿಂದ ಬರುತ್ತಲೇ ತಾಯಿ ನನ್ನನ್ನು ಹಿತ್ತಲಿಗೆ ಕರೆದಳು.

“ಏನ್ಲಾ, ನಿನ್ನೆಂಡ್ರು ಮಲಗಿದ್ದಾಗ ಯಾವತ್ತಾದ್ರೂ ನೋಡಿದ್ದೀಯೇನ್ಲಾ?”

“ಯಾಕವ್ವ?”

“ಕಣ್ಣು ಅರ್ಧ ಬುಟ್ಕಂಡು ಮಲಗಿರ್ತಾಳೆ ಕಣ್ಲಾ. ಉಸಿರು ಕಟ್ಟಿದಂಗೆ ಮಾಡ್ತಾಳೆ. ಆಮೇಲೆ ಎದ್ದು ಅವ್ಳ ಭಾಷೇಲಿ ಅದೇನೋ ಮಾತಾಡ್ತಾಳೆ. ಯಾರೋ ಎದುರ್ಗೆ ಕೂತವ್ರೆ ಅನ್ನಂಗೆ. ಅದು ಅವನೇ ಕಣ್ಲಾ. ಮೊದಲ್ನೋನು. ಉಡಿಕೆ ಮಾಡ್ಕಳಲಾ ಅಂದ್ರೆ ಚಪ್ಪರ ಹಾಕ್ಸಿ ವಾಲಗ ಊದುಸ್ದೆ. ಅವನ್ಗೂ ಕೇಳುಸ್ತು.”

ನಾನು ನಕ್ಕೆ. ಆ ವರ್ಷವೇ ಗಾಳಿಬೀಡಿನ ಶಾಲೆಯ ಅಂಗಳದಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ: ಮಲಗಿದವರ ಎದೆಯ ಮೇಲೆ ದೆವ್ವ ಕೂರುತ್ತದೆಂಬುದು ಸುಳ್ಳು, ಅಜೀರ್ಣ ಹಾಗೂ ಅಜ್ಞಾನಗಳೇ ಅದಕ್ಕೆ ಕಾರಣ, ಕೂರುವವರು ಇಲ್ಲ, ಕೂರಿಸಿಕೊಳ್ಳುವವರು ಮಾತ್ರ ಇದ್ದಾರೆ, ಇತ್ಯಾದಿ. ಹೆಂಡತಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಅವಳು ಚಪ್ಪಾಳೆ ತಟ್ಟಿದಳೋ ಇಲ್ಲವೋ ನನಗೆ ನೆನಪಿಲ್ಲ. ಅವಳು ನನಗೆ ಏನನ್ನೂ ಹೇಳದೆ ಇದ್ದುದಕ್ಕೆ ಆ ಭಾಷಣವೇ ಕಾರಣವೆಂಬುದು ಹಿತ್ತಲಲ್ಲಿ ನಿಂತಾಗ ನನಗೆ ಹೊಳೆಯಿತು.

ಅಂದು ಸಂಜೆ ಕೇಳಿದೆ. ಅವಳು ಒಲೆಯ ಮುಂದೆ ಕುಳಿತು ಒದ್ದೆ ಸೀರೆಯ ಅಂಚನ್ನು ಬೆಂಕಿಗೆ ಹಿಡಿದಿದ್ದಳು.

“ಅತ್ತೆ ಹೇಳಿದ್ರಾ?” ಎಂದಳು. “ಹೇಳಿದ್ರೆ ನೀವು ಭಾಷಣ ಮಾಡ್ತೀರಿ ಅಂತ ಸುಮ್ಮನಿದ್ದೆ.”

“ಮಾಡುವುದಿಲ್ಲ. ಹೇಳು.”

“ಮೊದ್ಲು ಎಚ್ಚರ ಆಗುತ್ತೆ. ಮೇಲೆ ಮಾಡಿನ ಹಂಚು ಕಾಣುತ್ತೆ, ಕಿಟಕಿ ಕಾಣುತ್ತೆ, ಅತ್ತೆ ಅಡಿಗೆಮನೇಲಿ ಪಾತ್ರೆ ಇಡೋದು ಕೇಳುತ್ತೆ. ಆದ್ರೆ ಕೈಕಾಲು ಅಲ್ಲಾಡ್ಸಕ್ಕೆ ಆಗಲ್ಲ. ಎದೆ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟ ಹಾಗೆ. ಕೂಗ್ಬೇಕು ಅಂತೀನಿ, ದನಿ ಬರಲ್ಲ. ಸತ್ತೇ ಹೋದೆ ಅನ್ಸುತ್ತೆ.” ಅವಳು ಸೀರೆಯ ಅಂಚನ್ನು ತಿರುಗಿಸಿದಳು. “ಆಮೇಲೆ ಅವರು ಬರ್ತಾರೆ.”

“ಯಾರು?”

“ನಿಮಗೆ ಗೊತ್ತಲ್ಲ ಯಾರು ಅಂತ. ಬಂದು ಮಂಚದ ತುದೀಲಿ, ಕಾಲ ಹತ್ರ ಕೂತ್ಕೋತಾರೆ. ಮಂಚ ತಗ್ಗುತ್ತೆ, ಗೊತ್ತಾಗುತ್ತೆ. ಕಾಲು ಹಿಡ್ಕೊಂಡು ನೋಡ್ತಾರೆ. ಆಮೇಲೆ ಭಯ ಇರಲ್ಲ.”

ಎಸ್ಟೇಟಿನಲ್ಲಿದ್ದಾಗ ಮಳೆಗಾಲದ ಪ್ರತಿ ಸಂಜೆಯೂ ಅವನು ಹಾಗೆ ಮಾಡುತ್ತಿದ್ದನಂತೆ. ತೋಟದಲ್ಲಿ ಓಡಾಡಿದ ಕಾಲಿಗೆ ಜಿಗಣೆ ಹತ್ತಿರುತ್ತದೆ, ಕಚ್ಚಿದ್ದು ತಿಳಿಯುವುದಿಲ್ಲ. ಅವಳು ದಣಿದು ಮಲಗಿದರೆ ಅವನು ಮಂಚದ ಕಾಲ್ದೆಸೆಯಲ್ಲಿ ಕುಳಿತು, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟನ್ನು ಒದ್ದೆ ಮಾಡಿಕೊಂಡು, ಅವಳ ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಸಿಕ್ಕ ಜಿಗಣೆಯ ಮೇಲೆ ಒತ್ತುತ್ತಿದ್ದನಂತೆ. ಇವಳು ನಿದ್ದೆಗಣ್ಣಲ್ಲಿಯೇ ತನ್ನ ಅರೆಭಾಷೆಯಲ್ಲಿ “ಸಾಕ್, ಬುಡಿ” ಎನ್ನುತ್ತಿದ್ದಳಂತೆ.

ಇದನ್ನೆಲ್ಲ ಕೇಳಿದ ನನಗೆ ಮೊದಲು ಬಂದದ್ದು ಕನಿಕರವಲ್ಲ. ಹೆಣ್ಣಿನ ಸಮಾನತೆಯ ಬಗ್ಗೆ ಈ ಜಿಲ್ಲೆಯ ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದವನು ನಾನು. ಅವನು ಯಾವ ವೇದಿಕೆಯನ್ನೂ ಹತ್ತಿರಲಿಲ್ಲ. ಎಸ್ಟೇಟಿನಲ್ಲಿ ಹಾಜರಿ ಕೂಗುತ್ತಿದ್ದ ರೈಟರ್. ಆದರೆ ಗಂಡನಾದವನು ಹೆಂಡತಿಯ ಪಾದ ಮುಟ್ಟಬಹುದೆಂಬ ಯೋಚನೆಯೇ ನನಗೆ ಬಂದಿರದಿದ್ದಾಗ ಅವನು ದಿನವೂ ಆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ. ಸುಧಾರಣೆಯಲ್ಲಿ ಅವನು ನನಗಿಂತ ಮುಂದಿದ್ದ, ಅದೂ ಸುಧಾರಣೆಯೆಂಬ ಪದವನ್ನು ಬಳಸದೆ. ಇದನ್ನು ಯಾವ ಚರ್ಚಾಪಟು ಸಹಿಸುತ್ತಾನೆ?

ಮರುದಿನ ಆಸ್ಪತ್ರೆಯ ಡಾಕ್ಟರರನ್ನು ಕಂಡೆ. ತಮಿಳು ಸೀಮೆಯವರು, ಎಲ್ಲ ಭಾಷೆಯನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತಿದ್ದರು. ಹೆಂಡತಿಯ ಹೆಸರೆತ್ತದೆ, ಯಾರೋ ಒಬ್ಬರಿಗೆ ಹೀಗಾಗುತ್ತದಂತೆ ಎಂದು ಕೇಳಿದೆ.

“ನಮ್ಮ ಸಿಸ್ಟರ್ ವಿಷಯ ತಾನೇ?” ಎಂದರು. “ನೈಟ್ ಪೂರಾ ನಿದ್ದೆ ಇಲ್ಲ, ಡೇ ಟೈಮ್ ಮಲಗ್ತಾರೆ. ಬಾಡಿ ಮಲಗಿದೆ, ತಲೆ ಎದ್ದುಬಿಟ್ಟಿದೆ ಸಾರ್. ಎರಡೂ ಒಟ್ಟಿಗೆ ಏಳ್ಲಿಲ್ಲ. ಅಷ್ಟೇ.”

“ಹಾಗಾದರೆ ಸತ್ತವರು ಬಂದು ಕೂತ ಹಾಗೆ ಕಾಣುವುದು?”

“ಅದು ಕನಸು. ಅರ್ಧ ಕನಸು, ಅರ್ಧ ರೂಮು.” ಅವರು ನನ್ನ ಮುಖವನ್ನು ನೋಡಿದರು. “ಏನ್ ಸಾರ್, ಸತ್ತೋನ ಮೇಲೆ ಕೇಸ್ ಹಾಕಕ್ಕೆ ಬಂದಿದ್ದೀರಾ?”

“ಔಷಧಿ ಏನಾದರೂ ಇದೆಯೇ?” ಎಂದೆ.

“ಮೆಡಿಸಿನ್ ಬೇಡ,” ಎಂದರು. “ಆ ಟೈಮಲ್ಲಿ ಯಾರಾದ್ರೂ ಸ್ವಲ್ಪ ಮುಟ್ಟಿ ಕರೆದ್ರೆ ಸಾಕು, ಸರಿಹೋಗುತ್ತೆ. ಕಾಲಿನ ಹೆಬ್ಬೆಟ್ಟು ಹಿಡಿದು ಅಲ್ಲಾಡ್ಸಿ. ಆದ್ರೆ ನೀವು ಆಗ ಆಫೀಸಲ್ಲಿ ಇರ್ತೀರಿ.”

ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರದ ಬಗ್ಗೆ ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಆಗ ಡಾಕ್ಟರರ ಮಾತು ಇನ್ನಷ್ಟು ಸ್ಪಷ್ಟವಾಯಿತು. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಹೆಚ್ಚುಕಡಿಮೆ ಎಚ್ಚರದಲ್ಲಿದ್ದಷ್ಟೇ ಚುರುಕಾಗಿ ಕೆಲಸ ಮಾಡುತ್ತದೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಓಡಾಡುತ್ತವೆ. ಕನಸಿನಲ್ಲಿ ಓಡಿದವನು ಮಂಚದಿಂದ ಬೀಳದಿರಲೆಂದು ಮಿದುಳಿನ ಬುಡದಿಂದಲೇ ಕೈಕಾಲುಗಳಿಗೆ ಬೀಗ ಬೀಳುತ್ತದೆ. ಉಸಿರಾಟಕ್ಕೂ ಕಣ್ಣಿಗೂ ಮಾತ್ರ ವಿನಾಯಿತಿ. ಒಮ್ಮೊಮ್ಮೆ, ಅದರಲ್ಲೂ ನಿದ್ದೆಗೆಟ್ಟವರಲ್ಲಿ, ಬೀಗ ತೆಗೆಯುವ ಮೊದಲೇ ಎಚ್ಚರ ಬಂದುಬಿಡುತ್ತದೆ. ಕನಸಿನ ಅಲೆಗಳೂ ಎಚ್ಚರದ ಅಲೆಗಳೂ ಒಂದರೊಳಗೊಂದು ಹೊಕ್ಕಿರುತ್ತವೆ. ಅಲ್ಲಾಡಲಾಗದ ದೇಹವನ್ನು ಕಂಡು ಮಿದುಳು ಹೆದರುತ್ತದೆ. ಹೆದರಿದ ಮಿದುಳು ಸುಮ್ಮನಿರುವುದಿಲ್ಲ, ಪಕ್ಕದಲ್ಲಿ ಯಾರೋ ಇದ್ದಾರೆಂದು ತೀರ್ಮಾನಿಸುತ್ತದೆ. ಅನೇಕರಿಗೆ ಅದು ದೆವ್ವ, ಕಳ್ಳ, ಮುದುಕಿ.

ನನ್ನ ಹೆಂಡತಿಗೆ ಮಾತ್ರ ಅದು ಅವನು. ವಿಜ್ಞಾನ ಇಷ್ಟೆಲ್ಲ ಹೇಳಿಯೂ ನನ್ನ ದಾವೆಯನ್ನು ಬಗೆಹರಿಸಲಿಲ್ಲ. ಆ ಭಯದಲ್ಲಿ, ಮಾತಿಲ್ಲ, ಚಲನೆಯಿಲ್ಲ ಎಂಬ ಆ ಗಳಿಗೆಯಲ್ಲಿ, ಅವಳ ಮಿದುಳು ತನ್ನ ಉಗ್ರಾಣವನ್ನೆಲ್ಲ ತಡಕಾಡಿ ಯಾರನ್ನು ಕರೆಯಿತು? ಪಕ್ಕದ ಆಫೀಸಿನಲ್ಲಿ ಜೀವಂತ ಕುಳಿತಿದ್ದವನನ್ನು ಕರೆಯಲಿಲ್ಲ. ದೆವ್ವ ಬರುವುದೆಂದು ನಂಬಿದ್ದರೆ ನಾನು ದೆವ್ವದೊಡನೆ ಜಗಳವಾಡಬಹುದಿತ್ತು. ಅವಳ ತಲೆಯೇ ಅವನನ್ನು ಆರಿಸಿಕೊಳ್ಳುತ್ತಿದೆಯೆಂದು ತಿಳಿದವನಿಗೆ ಜಗಳವಾಡಲೂ ಎದುರಾಳಿಯಿಲ್ಲ.

ಇಲ್ಲಿಂದ ಮುಂದೆ ಮನೆಯಲ್ಲಿ ನಡೆದ ವಾದವೇ ವಿಚಿತ್ರ. ತಾಯಿ ತನ್ನ ಪರಿಹಾರವನ್ನು ಮುಂದಿಟ್ಟಳು. ನಮ್ಮ ಕಡೆ ಮಾಲಯ ಅಮಾವಾಸ್ಯೆಯಂದು ಸತ್ತವರಿಗೆ ಎಡೆ ಹಾಕುತ್ತೇವೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸಿ, ಅವರು ನಿಶ್ಚಿಂತೆಯಿಂದ ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು ರೂಢಿ. ಉಡಿಕೆಯಾದವಳ ಮೊದಲ ಗಂಡನಿಗಾದರೆ ಇನ್ನೊಂದು ವಿಧಿಯಿದೆ: ಬಾಗಿಲು ಹಾಕುವವನು ಎರಡನೆಯ ಗಂಡನೇ ಆಗಬೇಕು, ಹಾಕುವಾಗ “ಉಂಡು ಹೋಗು, ಇನ್ನು ಈ ಕಡೆ ಬರಬೇಡ” ಎನ್ನಬೇಕು.

ನಾನು ಕೂಡದೆಂದೆ. ಹೆಂಡತಿಯೂ ಬೇಡವೆಂದಳು. ಅವಳು ನನ್ನ ಪಕ್ಷದಲ್ಲಿದ್ದಾಳೆಂದು ಹೆಮ್ಮೆಪಟ್ಟು, ಒಬ್ಬಳೇ ಸಿಕ್ಕಾಗ ಬೆನ್ನು ತಟ್ಟುವಂತೆ ಹೇಳಿದೆ:

“ನೀನಾದರೂ ಮೂಢನಂಬಿಕೆಗೆ ಬಲಿಯಾಗಲಿಲ್ಲವಲ್ಲ.”

“ನಂಬಿಕೆ ವಿಷಯ ಅಲ್ಲ,” ಎಂದಳು. “ಬರಬೇಡಿ ಅನ್ನಕ್ಕೆ ನನಗೆ ಇಷ್ಟ ಇಲ್ಲ.”

ಆ ರಾತ್ರಿ ನಾನು ಉಂಡದ್ದು ನೆನಪಿಲ್ಲ. ಬೆಳಗಾಗುವ ಹೊತ್ತಿಗೆ ನಾನು ಎದುರುಪಕ್ಷಕ್ಕೆ ಹೋಗಿದ್ದೆ. ತಾಯಿಯ ಬಳಿ ಹೋಗಿ, ಎಡೆ ಹಾಕೋಣ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ವಲ್ಲಾ. ಏನಾಯ್ತೋ ನಿಂಗೆ?”

ಹೆಂಡತಿಗೆ ನಾನು ಕೊಟ್ಟ ಕಾರಣಗಳು ಇವು: ನಂಬಿಕೆ ನಿಜವೋ ಸುಳ್ಳೋ, ಮನಸ್ಸಿಗೆ ಅದರ ಪರಿಣಾಮವುಂಟು, ಸಂಸ್ಕಾರದಿಂದ ಮನಸ್ಸು ಶಾಂತವಾದರೆ ನಿದ್ದೆ ಸರಿಹೋಗಬಹುದು, ಹಿರಿಯರ ಮನಸ್ಸೂ ನೋಯುವುದಿಲ್ಲ. ಒಳ್ಳೆಯ ಕಾರಣಗಳು, ಕ್ರಮಬದ್ಧವಾದವು. ಕಾಲೇಜಿನಲ್ಲಾಗಿದ್ದರೆ ಬಹುಮಾನ ಸಿಗುತ್ತಿತ್ತು. ಅವಳು ಪೂರ್ತಿ ಕೇಳಿದಳು.

“ಊಟ ಬೇಕಾದ್ರೆ ಹಾಕೋಣ,” ಎಂದಳು. “ಅವರಿಗೆ ಊಟ ಹಾಕಿ ಎಷ್ಟೋ ವರ್ಷ ಆಯ್ತು. ಆದ್ರೆ ಬರಬೇಡಿ ಅಂತ ನೀವು ಅನ್ನಬಾರ್ದು. ಮಾತು ಕೊಡಿ.”

ಮಾತು ಕೊಟ್ಟೆ. ಕೊಡದಿದ್ದರೆ ಅವಳಿಗೆ ನನ್ನ ಮನಸ್ಸು ತಿಳಿದುಬಿಡುತ್ತಿತ್ತು. ಅವಳಿಗೆ ಅದು ಆಗಲೇ ತಿಳಿದಿತ್ತೆಂದು ಈಗ ತೋರುತ್ತದೆ.

ಎಡೆಯ ಅಡಿಗೆ ಅವಳೇ ಮಾಡಬೇಕಾಯಿತು. ಅವನಿಗೆ ಏನು ಇಷ್ಟವೆಂದು ಬಲ್ಲವಳು ಅವಳೊಬ್ಬಳೇ. ಕೆಲವು ದಿನ ಮುಂಚೆಯೇ ಕಣಿಲೆ ತಂದು ಹೆಚ್ಚಿ ನೀರಿನಲ್ಲಿಟ್ಟಳು. ಆ ಎಳೆಬಿದಿರಿನ ಹುಳಿವಾಸನೆ ಮನೆಯನ್ನೆಲ್ಲ ತುಂಬಿತು. “ಇದನ್ನ ಮನುಷ್ಯರು ತಿಂತಾರೇನವ್ವ?” ಎಂದು ತಾಯಿ ಮೂಗು ಮುಚ್ಚಿಕೊಂಡಳು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಕಣಿಲೆ ಬೇಯಿಸಿರಲಿಲ್ಲ. ನಮಗೆ ಸೇರದೆಂದು ಅವಳೇ ಬಿಟ್ಟಿದ್ದಳಂತೆ. ಅಕ್ಕಿರೊಟ್ಟಿ ತೆಳ್ಳಗಿರಬೇಕು, ಅಂಚು ಸೀದಿರಬೇಕು. ಕೋಳಿಸಾರಿಗೆ ಮೆಣಸಿನಕಾಯಿ ಬೇಡ, ಕಾಳುಮೆಣಸು ಮಾತ್ರ. ಕಾಫಿಗೆ ಹಾಲು ಕೂಡದು, ಬೆಲ್ಲ. ಒಂದೊಂದನ್ನು ಅವಳು ಮಾಡುವಾಗಲೂ ಅವಳ ಕೈ ಒಮ್ಮೆಯೂ ತಡವರಿಸಲಿಲ್ಲ. ನನಗೆ ಕಾಫಿಗೆ ಎಷ್ಟು ಸಕ್ಕರೆ ಬೇಕೆಂದು ಅವಳು ಇನ್ನೂ ಕೆಲವು ಸಲ ಕೇಳುತ್ತಿದ್ದ ಕಾಲವದು.

ಅಮಾವಾಸ್ಯೆಯ ಹಿಂದಿನ ದಿನ ಎಲ್ಲಿಂದಲೋ ಹೆರಿಗೆಗೆ ಕರೆ ಬಂತು. ಅವಳು ಹೋಗಿ, ಮರುದಿನ ಬೆಳಗ್ಗೆ ಮಳೆಯಲ್ಲಿಯೇ ಹಿಂದಿರುಗಿ, ಸ್ನಾನ ಮಾಡಿ, ಉಳಿದ ಅಡಿಗೆ ಮುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ತಾಯಿ ಒಳಮನೆಯಲ್ಲಿ ಬಾಳೆಯೆಲೆ ಹಾಸಿ, ಎಲೆಯ ಮೂಲೆಯಲ್ಲಿ ಚಿಟಿಕೆ ಉಪ್ಪು ಇಟ್ಟು, ಎಲ್ಲವನ್ನೂ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆ ಮಡಿಸಿಟ್ಟು ಧೂಪ ಹಾಕಿದಳು. ಅಂಥ ಪಂಚೆಯನ್ನು ನಾನು ಉಟ್ಟಿದ್ದು ನನ್ನ ಮದುವೆಯಂದು ಮಾತ್ರ.

ಬಾಗಿಲು ಹಾಕುವ ಗಳಿಗೆ ಬಂತು. ನಾನು ಹೊಸಿಲ ಬಳಿ ನಿಂತೆ. ಎದುರಾಳಿ ಎದ್ದುನಿಂತು ಉತ್ತರ ಕೊಡದ ಚರ್ಚೆಯಲ್ಲಿ ನಾನು ಹಿಂದೆಂದೂ ಮಾತನಾಡಿರಲಿಲ್ಲ.

“ಊಟ ಮಾಡಿ,” ಎಂದೆ. ಬಹುವಚನ ತಾನಾಗಿಯೇ ಬಂತು.

“ಇನ್ನೊಂದು ಮಾತು ಅನ್ಲಾ,” ಎಂದು ತಾಯಿ ಬೆನ್ನಿಗೆ ತಿವಿದಳು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ಇನ್ನೊಂದು ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಆಡಿದರೆ ಅವನು ಹೋಗುತ್ತಾನೆಂದಲ್ಲ. ಆಡಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಅವಳು ಮುಂದೆಂದೂ ನನಗೆ ಏನನ್ನೂ ಹೇಳುತ್ತಿರಲಿಲ್ಲ. ನಾನು ಬಾಗಿಲು ಎಳೆದುಕೊಂಡೆ.

“ಕಾಲೇಜು ಕಲ್ತು ಮಾತೇ ಮರ್ತೋಯ್ತು,” ಎಂದು ತಾಯಿ ಜಗಲಿಗೆ ಹೋಗಿ ಕುಳಿತಳು.

ಮೂವರೂ ಜಗಲಿಯಲ್ಲಿ ಕುಳಿತೆವು. ಒಳಗೆ ನನ್ನ ಮನೆಯಲ್ಲಿ ಇನ್ನೊಬ್ಬ ಊಟಕ್ಕೆ ಕುಳಿತಿದ್ದಾನೆ, ನಾನು ಹೊರಗೆ ಕಾಯುತ್ತಿದ್ದೇನೆ. ನಂಬದವನಿಗೂ ಇದು ಸಹಿಸುವ ಮಾತಲ್ಲ. ಮಳೆ ನಿಂತು ಹಂಚಿನಿಂದ ಹನಿ ಬೀಳುತ್ತಿತ್ತು. ಹೆಂಡತಿ ಕಂಬಕ್ಕೊರಗಿ ಕಾಲು ಚಾಚಿಕೊಂಡವಳು, ನೋಡುನೋಡುತ್ತಿದ್ದಂತೆ ನಿದ್ದೆಹೋದಳು.

ಅವಳು ಮಲಗುವುದನ್ನು ಹಗಲು ಬೆಳಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಮುಖ ಸಡಿಲವಾಯಿತು. ಸ್ವಲ್ಪ ಹೊತ್ತಿನ ಮೇಲೆ ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಸರಿಯತೊಡಗಿದವು, ಯಾರೋ ಓಡಾಡುವುದನ್ನು ನೋಡುವವರ ಹಾಗೆ. ಆಮೇಲೆ ಕಣ್ಣು ಅರ್ಧ ತೆರೆಯಿತು. ತೆರೆದ ಕಣ್ಣು ನನ್ನ ಕಡೆಗಿತ್ತು. ನೋಟ ಯಾವ ಕಡೆಗಿತ್ತೋ ತಿಳಿಯದು. ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ಬೆರಳೂ ಅಲುಗಲಿಲ್ಲ.

“ಬಂದ ಕಣ್ಲಾ,” ಎಂದಳು ತಾಯಿ, ದನಿ ತಗ್ಗಿಸಿ. “ಉಣ್ಣಾದು ಬುಟ್ಟು ಎದ್ದು ಬಂದ.”

ನಾನು ಹೆಂಡತಿಯ ಪಾದಗಳ ಕಡೆ ನೋಡಿದೆ. ಅವನು ಕೂರುವ ಜಾಗ ಅದು. ಅಲ್ಲಿ ಯಾರೂ ಇರಲಿಲ್ಲ. ಒದ್ದೆ ಸಿಮೆಂಟು ನೆಲವಿತ್ತು. ಇಷ್ಟು ದಿನ ನಾನು ಹೊಟ್ಟೆಕಿಚ್ಚುಪಟ್ಟ ಜಾಗ ಖಾಲಿಯಿತ್ತು. ಹೋಗಿ ಅಲ್ಲಿ ಕುಳಿತೆ. ಡಾಕ್ಟರರ ಮಾತಿನಂತೆ ಹೆಬ್ಬೆಟ್ಟು ಹಿಡಿಯಲು ಕೈ ಚಾಚಿದಾಗ ನೆಲದ ಮೇಲೆ ಕೆಂಪು ಗೆರೆಯೊಂದು ಕಂಡಿತು. ಕಿರುಬೆರಳ ಸಂದಿನಲ್ಲಿ ಜಿಗಣೆ ಕಚ್ಚಿಕೊಂಡು ದ್ರಾಕ್ಷಿಯಂತೆ ಊದಿತ್ತು. ಸ್ನಾನ ಮಾಡುವಾಗಲೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಕಿತ್ತರೆ ಗಾಯ ಹಣ್ಣಾಗುತ್ತದೆ. ಉಪ್ಪು ಬೇಕು. ಉಪ್ಪಿದ್ದದ್ದು ಒಳಗೆ, ಎಲೆಯ ಮೂಲೆಯಲ್ಲಿ. ಅಡಿಗೆಮನೆಗೂ ಆ ಕೋಣೆಯಿಂದಲೇ ದಾರಿ.

ನಾನು ಎದ್ದು ಬಾಗಿಲು ತಳ್ಳಿದೆ.

“ಲೇ! ಉಣ್ತಾ ಕೂತವ್ರ ಮೇಲೆ ಬಾಗ್ಲು ತೆಗೀಬಾರ್ದು ಕಣ್ಲಾ!”

“ಎದ್ದು ಬಂದ ಅಂದೆಯಲ್ಲವ್ವ, ಈಗ ತಾನೆ?”

ತಾಯಿ ಎದ್ದು ಬರುವಷ್ಟರಲ್ಲಿ ಎಲೆಯ ಮೇಲಿನ ಉಪ್ಪನ್ನು ಚಿಟಿಕೆಯಲ್ಲಿ ಎತ್ತಿಕೊಂಡು ಬಂದಿದ್ದೆ. “ಅಯ್ಯೋ, ಎಡೆ ಉಪ್ಪಿಗೆ ಕೈ ಹಾಕ್ದ! ಸತ್ತೋನ ಎಲೆಗೆ ಕೈ ಹಾಕ್ದ!” ಎಂದು ಅವಳು ಬಾಯಿ ಬಡಿದುಕೊಳ್ಳುತ್ತಿದ್ದಳು. ಉಪ್ಪು ಸೋಕಿದೊಡನೆ ಜಿಗಣೆ ಮುದುರಿ ಬಿತ್ತು. ನಾನು ಹೆಂಡತಿಯ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಬೇರೆಲ್ಲಾದರೂ ಕಚ್ಚಿದೆಯೇ ಎಂದು ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಕೊನೆಗೆ ಹೆಬ್ಬೆಟ್ಟನ್ನು ಹಿಡಿದು ಮೆಲ್ಲಗೆ ಅಲುಗಿಸಿದೆ.

ಉಸಿರು ಬಿಟ್ಟಳು.

“ಸಾಕ್, ಬುಡಿ,” ಎಂದಳು.

ಅವಳು ನನ್ನೊಡನೆ ಆ ಭಾಷೆಯಲ್ಲಿ ಎಂದೂ ಮಾತನಾಡಿರಲಿಲ್ಲ. ನನ್ನ ಬಳಿ ಆಡುತ್ತಿದ್ದುದು ಆಸ್ಪತ್ರೆಯಲ್ಲಿ ಎಲ್ಲರೊಡನೆ ಆಡುವ ಕನ್ನಡ. ಆ ಎರಡು ಮಾತುಗಳು ನನ್ನ ಕೈಗೆ ಬಂದು ಬಿದ್ದವು. ಆದರೆ ವಿಳಾಸ ಅವನದಾಗಿತ್ತು. ಒಂದು ಕ್ಷಣ ಅವನಾಗಿಯೇ ಇದ್ದುಬಿಡೋಣವೆನಿಸಿತು, ಪಾದ ಹಿಡಿದುಕೊಂಡು, ಸದ್ದು ಮಾಡದೆ.

ಅವಳು ಪೂರ್ತಿ ಕಣ್ಣು ಬಿಟ್ಟಳು.

“ನೀವಾ?”

ಆ ಒಂದು ಪದದ ಬಗ್ಗೆ ನಾನು ಆಮೇಲೆ ಯೋಚಿಸಿದಷ್ಟು ಯಾವ ಚರ್ಚಾವಿಷಯದ ಬಗ್ಗೆಯೂ ಯೋಚಿಸಿಲ್ಲ. ಅದರಲ್ಲಿ ನಿರಾಸೆಯಿತ್ತೇ? ಸಮಾಧಾನವಿತ್ತೇ? ಆಗಲೇ ಕೇಳಿದೆ: “ಯಾಕೆ, ಯಾರೆಂದುಕೊಂಡೆ?”

ಅವಳು ನೆಲದ ಮೇಲಿನ ರಕ್ತವನ್ನೂ ಜಿಗಣೆಯನ್ನೂ ತೆರೆದ ಬಾಗಿಲನ್ನೂ ಗೋಳಿಡುತ್ತಿದ್ದ ಅತ್ತೆಯನ್ನೂ ನೋಡಿದಳು.

“ಅವರು ಒಳಗೆ ಊಟಕ್ಕೆ ಕೂತಿದ್ರಲ್ಲ,” ಎಂದಳು. “ಮತ್ತೆ ಇದ್ಯಾರಪ್ಪ ಕಾಲು ಹಿಡಿದಿರೋದು ಅಂದ್ಕೊಂಡೆ.”

ತಾಯಿಗೂ ನಗು ಬಂತು. ಬಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಡೆಯನ್ನು ಮತ್ತೆ ಹಾಕಲಿಲ್ಲ. ಕೆಟ್ಟ ಎಡೆಯೆಂದು ತಾಯಿ ಮುಟ್ಟಲಿಲ್ಲ. ಹೆಂಡತಿಯೂ ನಾನೂ ಅದನ್ನು ಉಂಡೆವು. ಕಣಿಲೆ ಕಹಿಯಿರುತ್ತದೆಂದುಕೊಂಡಿದ್ದೆ, ಇರಲಿಲ್ಲ. ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಎರಡನೆಯ ಸಲ ಬಡಿಸಿಕೊಂಡೆನಷ್ಟೆ.

ಆ ಸ್ಥಿತಿ ಅವಳನ್ನು ಬಿಟ್ಟುಹೋಗಲಿಲ್ಲ. ರಾತ್ರಿಯ ಕೆಲಸ ಇರುವವರೆಗೆ ಅದೂ ಇತ್ತು. ಆದರೆ ಅವಳು ಹೆರಿಗೆಯಿಂದ ಬಂದ ದಿನ ನಾನು ಮಧ್ಯಾಹ್ನ ಆಫೀಸಿನಿಂದ ಮನೆಗೆ ಬಂದು, ಉಪ್ಪಿನ ಗಂಟನ್ನು ಹಿಡಿದು ಮಂಚದ ಕಾಲ್ದೆಸೆಯಲ್ಲಿ ಕೂರುವ ರೂಢಿಯಾಯಿತು. ಮೇಲಧಿಕಾರಿಗೆ ಇದರ ಕಾರಣವನ್ನು ನಾನು ಹೇಳಲಿಲ್ಲ. ಬೀಗ ತೆಗೆಯುವ ಮೊದಲೇ ಎಚ್ಚರಗೊಂಡು ಮಿದುಳು ಹೆದರುತ್ತಿರುವುದು ಕಂಡೊಡನೆ ಹೆಬ್ಬೆಟ್ಟು ಹಿಡಿದು ಅಲುಗಿಸುತ್ತಿದ್ದೆ, ಹೆಸರು ಹಿಡಿದು ಕರೆಯುತ್ತಿದ್ದೆ.

ಕೆಲವು ಮಳೆಗಾಲಗಳು ಕಳೆದ ಮೇಲೆ ಒಮ್ಮೆ ಕೇಳಿದೆ: “ಈಗಲೂ ಬರುತ್ತಾರೆಯೇ?”

“ಯಾರೋ ಬರ್ತಾರೆ.”

“ಯಾರೋ ಎಂದರೆ?”

“ಮುಖ ಕಾಣಲ್ಲ. ಕೈ ಮಾತ್ರ ಗೊತ್ತಾಗುತ್ತೆ.”

“ಯಾರ ಕೈ?”

“ಉಪ್ಪುಪ್ಪು ಕೈ,” ಎಂದಳು. “ಎಷ್ಟು ಪ್ರಶ್ನೆ ಕೇಳ್ತೀರಿ ನೀವು!”

ಇದಕ್ಕಿಂತ ಹೆಚ್ಚಿನ ತೀರ್ಪು ನನಗೆ ದೊರೆಯಲಿಲ್ಲ. ಆ ಕೈಯಲ್ಲಿ ನನ್ನ ಪಾಲೆಷ್ಟು, ಅವನ ಪಾಲೆಷ್ಟು ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತೇನೆ. ಪೂರ್ತಿ ನನ್ನದೇ ಆಗಲೆಂಬ ಆಸೆಯನ್ನು ಬಿಟ್ಟಿದ್ದೇನೆಂದು ಬರೆದರೆ ಸುಳ್ಳಾದೀತು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಕಣ್ಣು ಅರ್ಧ ತೆರೆದು, ಅಲುಗಲಾರದೆ, ಉಸಿರಿಗೆ ಒದ್ದಾಡುವುದನ್ನು ಕಂಡರೆ ಮಂತ್ರವಾದಿಯನ್ನು ಕರೆಯಬೇಡಿ, ಭಾಷಣವನ್ನೂ ಮಾಡಬೇಡಿ. ಹೋಗಿ ಕಾಲ ಬಳಿ ಕುಳಿತು, ಹೆಬ್ಬೆಟ್ಟು ಹಿಡಿದು, ಹೆಸರು ಕರೆಯಿರಿ. ಎದ್ದ ಮೇಲೆ, ಯಾರು ಬಂದಿದ್ದರೆಂದು ಕೇಳಿ. ಅವರು ಹೇಳುವ ಹೆಸರು ನಿಮ್ಮದಲ್ಲದಿದ್ದರೂ ಪೂರ್ತಿ ಕೇಳಿಸಿಕೊಳ್ಳಿ.